ಬಂದಾಯ್ತಲ್ಲ, ಇನ್ನೇನು?

ಬೆಳಿಗ್ಗೆ ಟೀ ಅಂಗಡೀಲಿ ಒಬ್ಬರು, ದಾರಕ್ಕೆ ಕಟ್ಟಿದ್ದ ಲೈಟರಿಗೆ ಬಗ್ಗಿ ಸಿಗರೇಟು ಹಚ್ಕೊಳ್ತಾ ಅಂದ್ರು: "ನಮ್ಮ ಭಾವನಿಗೆ ಶ್ವಾಸಕೋಶದ ಕ್ಯಾನ್ಸರ್. ಇನ್ನೂ ಸೇದ್ತಾರೆ. ಬಂದಾಯ್ತಲ್ಲ, ಇನ್ನು ಬಿಟ್ಟೇನು ಮಾಡೋದು?"

ಸುತ್ತ ಇದ್ದೋರೆಲ್ಲ ತಲೆಯಾಡಿಸಿದ್ರು. ನಾನೂ ಟೀ ಕುಡೀತಾ ಸುಮ್ನಿದ್ದೆ, ಅದೇ ಈಗ ಚುಚ್ತಿದೆ.

ಯಾಕಂದ್ರೆ ಮಾಸ್ಕೋದಲ್ಲಿ ಇದನ್ನೇ ನೋಡಿದ್ದಾರೆ. ಆರಂಭದ ಹಂತದ ಶ್ವಾಸಕೋಶ ಕ್ಯಾನ್ಸರ್ ಇದ್ದ 517 ಧೂಮಪಾನಿಗಳ ಅಧ್ಯಯನ, 2021ರಲ್ಲಿ ಪ್ರಕಟವಾದದ್ದು. ಸೇದೋದು ಮುಂದುವರಿಸಿದವರಲ್ಲಿ ಅರ್ಧದಷ್ಟು ಜನ 4.8 ವರ್ಷ ದಾಟಿದರು. ರೋಗ ಗೊತ್ತಾದ ಮೇಲೆ ಬಿಟ್ಟವರಲ್ಲಿ ಅರ್ಧದಷ್ಟು ಜನ 6.6 ವರ್ಷ. ಹತ್ತಿರತ್ತಿರ 22 ತಿಂಗಳು! ಮೊಮ್ಮಗು ಹುಟ್ಟಿ, ನಡೆದು, "ತಾತಾ" ಅನ್ನೋಷ್ಟು ಕಾಲ.

ನಾಳೆ ಅವರು ಸಿಕ್ಕರೆ ಹೇಳ್ತೀನಿ. ನಿಮ್ಮ ಮನೇಲೂ ಹೀಗನ್ನೋರಿದ್ದರೆ ನೀವೂ ಹೇಳಿ ನೋಡಿ.