ಕಳವಾದಿಂದ ಕಾಲೇಜು ನೋಡಲು ಹೊರಟಾಗ

ಕಾಲೇಜಿನ ಕ್ಯಾಂಪಸ್ಸನ್ನು ಯಾವಾಗ ನೋಡಬೇಕು, ಹೇಗೆ ನೋಡಬೇಕು ಎಂಬ ಪ್ರಶ್ನೆಗೆ ಕಳವಾದಲ್ಲಿ ಅರ್ಧ ಉತ್ತರ ಕೊಡುವುದು ಲೋಕಲ್ ಗಾಡಿ. ಮುಂಬಯಿಯ ಮಧ್ಯ ರೈಲ್ವೆಯಲ್ಲಿ ಥಾಣೆ ಮತ್ತು ಮುಂಬ್ರಾ ನಡುವೆ ಇರುವ ಕಳವಾ ಸ್ಟೇಷನ್ ಸ್ಲೋ ಗಾಡಿಗಳ ನಿಲ್ದಾಣ. ಇಲ್ಲಿನ ವಿದ್ಯಾರ್ಥಿ ಕಾಲೇಜು ಆರಿಸುವಾಗ ಪದವಿಯ ಮೂರು ನಾಲ್ಕು ವರ್ಷಗಳ ದಿನನಿತ್ಯದ ಪಯಣವನ್ನೂ ಆರಿಸಿರುತ್ತಾನೆ. ಹಾಗಾಗಿ ಮನೆಯ ಹುಡುಗಿಗಾಗಿ ಕ್ಯಾಂಪಸ್‌ಗಳನ್ನು ನೋಡಲು ಹೊರಟ ನಾವು ರಿಕ್ಷಾ, ಕಾರು ಬಿಟ್ಟು ರೈಲಿನಲ್ಲೇ ಹೋದೆವು.

ಮೊದಲು ಕಾಲದ ಮಾತು. ಮಹಾರಾಷ್ಟ್ರದಲ್ಲಿ ಹನ್ನೆರಡನೆಯ ಬೋರ್ಡ್ ಪರೀಕ್ಷೆ ಫೆಬ್ರವರಿ, ಮಾರ್ಚ್‌ನಲ್ಲಿ. ಎಂಎಚ್‌ಟಿ-ಸಿಇಟಿ ಪ್ರವೇಶ ಪರೀಕ್ಷೆ ಬೇಸಿಗೆಯಲ್ಲಿ. ಎಂಜಿನಿಯರಿಂಗ್ ಸೀಟು ಹಂಚುವ ಕ್ಯಾಪ್ ಸುತ್ತುಗಳು ಮಳೆಗಾಲದಲ್ಲಿ. ಬಹಳಷ್ಟು ಮನೆಗಳು ಕಾಲೇಜು ನೋಡಲು ಹೊರಡುವುದು ಈ ಕೊನೆಯ ಹೊತ್ತಿಗೆ, ಅಂದರೆ ಜೂನ್, ಜುಲೈನಲ್ಲಿ. ಆಗ ಹಳಿಯ ಮೇಲೆ ನೀರು, ಕಾಲೇಜಿನಲ್ಲಿ ಪ್ರವೇಶದ ಸಾಲು. ನೋಡಬೇಕಾದ ಪಾಠ, ಪ್ರಯೋಗಶಾಲೆ ಯಾವುದೂ ಕಾಣುವುದಿಲ್ಲ. ತರಗತಿಗಳು ಪೂರ್ತಿ ನಡೆಯುವ ಕಾಲವೇ ಸರಿಯಾದ ಕಾಲ: ಹನ್ನೊಂದನೆಯ ತರಗತಿಯ ಜನವರಿಯಿಂದ ಮಾರ್ಚ್, ಇಲ್ಲವೇ ಹನ್ನೆರಡನೆಯ ಆಗಸ್ಟ್‌ನಿಂದ ದೀಪಾವಳಿವರೆಗೆ. ಭಾನುವಾರ ಬೇಡ. ಅಂದು ತರಗತಿ ಇರುವುದಿಲ್ಲ, ಹಳಿ ದುರಸ್ತಿಗಾಗಿ ಗಾಡಿಗಳನ್ನು ಕಡಿತ ಮಾಡುವ ಮೆಗಾಬ್ಲಾಕ್ ಇರುತ್ತದೆ. ಡಿಸೆಂಬರ್‌ನಲ್ಲಿ ಪವಾಯಿಯ ಐಐಟಿಯ ಮೂಡ್ ಇಂಡಿಗೊ ಉತ್ಸವಕ್ಕೆ ಹೋಗಿ ಬಂದವರು ಆ ಕ್ಯಾಂಪಸ್ಸಿನ ಹಬ್ಬವನ್ನು ಕಂಡಿರುತ್ತಾರೆ, ಓದನ್ನಲ್ಲ.

ಕಳವಾದ ವಿದ್ಯಾರ್ಥಿಗೆ ಅತಿ ಹತ್ತಿರದ್ದು ಊರೊಳಗೇ ಇರುವ ರಾಜೀವ್ ಗಾಂಧಿ ವೈದ್ಯಕೀಯ ಕಾಲೇಜು. 1992ರಲ್ಲಿ ಆರಂಭವಾದ ಈ ಕಾಲೇಜನ್ನು ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಯೊಂದಿಗೆ ಥಾಣೆ ಮಹಾನಗರಪಾಲಿಕೆ ನಡೆಸುತ್ತದೆ. ಸೀಟು ನೀಟ್ ಅಂಕದ ಮೇಲೆ. ವೈದ್ಯಕೀಯ ಓದು ಎಂದರೇನು ಎಂದು ತಿಳಿಯಲು ಬೆಳಗಿನ ಹೊರರೋಗಿ ವಿಭಾಗದ ಸಾಲನ್ನು ಒಮ್ಮೆ ನೋಡಿದರೆ ಸಾಕು. ಒಂದೇ ಸ್ಟೇಷನ್ ಆಚೆ ಥಾಣೆಯಲ್ಲಿ ವಿದ್ಯಾ ಪ್ರಸಾರಕ ಮಂಡಳದ ಕ್ಯಾಂಪಸ್ಸಿದೆ. ಖಾಡಿಯ, ಅಂದರೆ ಕಡಲ ಹಿನ್ನೀರಿನ, ದಡದ ಆ ಆವರಣದಲ್ಲಿ ಬಾಂದೋಡ್ಕರ್ ವಿಜ್ಞಾನ ಕಾಲೇಜು ಮತ್ತು ಜೋಶಿ-ಬೇಡೇಕರ್ ಕಾಲೇಜು ಒಟ್ಟಿಗೇ ಇರುವುದರಿಂದ ವಿಜ್ಞಾನ, ಕಲೆ, ವಾಣಿಜ್ಯ ಮೂರನ್ನೂ ಒಂದೇ ಭೇಟಿಯಲ್ಲಿ ನೋಡಬಹುದು.

ನವಿ ಮುಂಬಯಿಗೆ ಥಾಣೆಯಲ್ಲಿ ಗಾಡಿ ಬದಲಿಸಬೇಕು. ಸೇತುವೆ ಹತ್ತಿ ಪೂರ್ವದ ತುದಿಯ ಪ್ಲಾಟ್‌ಫಾರಂಗೆ ದಾಟುವ ಹೊತ್ತನ್ನು ವೇಳಾಪಟ್ಟಿ ಹೇಳುವುದಿಲ್ಲ. ಬೆಳಗಿನ ನೂಕುನುಗ್ಗಲಲ್ಲಿ ನಡೆದಾಗಲೇ ಅದು ತಿಳಿಯುವುದು. ಟ್ರಾನ್ಸ್‌ಹಾರ್ಬರ್ ಹಳಿಯ ಮೇಲೆ ದೀಘಾ ಗಾಂವ್ ದಾಟಿದರೆ ಐರೋಲಿ. ಅಲ್ಲಿ ದತ್ತಾ ಮೇಘೆ ಎಂಜಿನಿಯರಿಂಗ್ ಕಾಲೇಜಿದೆ. ಮುಂದೆ ವಾಶಿಯಲ್ಲಿ ಫಾದರ್ ಆಗ್ನೆಲ್ ಆಶ್ರಮದ ತಂತ್ರಜ್ಞಾನ ಸಂಸ್ಥೆ, ನೆರೂಲ್‌ನಲ್ಲಿ ರಾಮರಾವ್ ಆದಿಕ್, ಎಸ್‌ಐಇಎಸ್ ಮತ್ತು ತೇರಣಾ ಎಂಜಿನಿಯರಿಂಗ್ ಕಾಲೇಜುಗಳು, ಖಾರ್‌ಘರ್‌ನಲ್ಲಿ ವಸ್ತ್ರವಿನ್ಯಾಸ ಕಲಿಸುವ ನಿಫ್ಟ್. ಇವೆಲ್ಲವನ್ನೂ ಒಂದೇ ದಿನಕ್ಕೆ ತುರುಕಬಾರದು. ದಿನಕ್ಕೆ ಎರಡು ಕಾಲೇಜು ಸಾಕು. ಮೂರನೆಯದನ್ನು ನೋಡುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ.

ಕಲ್ಯಾಣ್ ದಿಕ್ಕಿಗೆ ಹೋಗುವವರಿಗೆ ಒಂದು ಅನುಕೂಲವಿದೆ. ಬೆಳಿಗ್ಗೆ ಜನಪ್ರವಾಹ ಮುಂಬಯಿ ಕಡೆಗೆ ಹರಿಯುತ್ತದೆ, ಎದುರು ದಿಕ್ಕಿನ ಗಾಡಿಯಲ್ಲಿ ಕೂರಲು ಜಾಗ ಸಿಗುತ್ತದೆ. ಡೊಂಬಿವಲಿಯ ಪೆಂಢಾರ್ಕರ್ ಕಾಲೇಜು, ಕಲ್ಯಾಣಿನ ಬಿರ್ಲಾ ಕಾಲೇಜು ಈ ಹಾದಿಯಲ್ಲಿವೆ. ಠಾಕುರ್ಲಿಯಲ್ಲಿ ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಾಣಿಜ್ಯ ಕಾಲೇಜಿದೆ. ಹೊರನಾಡಿನಲ್ಲಿ ದುಡಿದು ಬದುಕಿದ ಕನ್ನಡಿಗರು ಶಾಲೆಯಿಂದ ಪದವಿಯವರೆಗೆ ಕಟ್ಟಿದ ಸಂಸ್ಥೆ ಇದು, ಇಲ್ಲಿನ ಕನ್ನಡ ಮನೆಗಳು ಅಭಿಮಾನದಿಂದ ನೋಡಬೇಕಾದದ್ದು.

ಮುಂಬಯಿ ದಿಕ್ಕಿನ ಎರಡು ತಾಣಗಳನ್ನು ಬಿಡುವಂತಿಲ್ಲ. ಮಾಟುಂಗಾದ ಎಂಜಿನಿಯರಿಂಗ್ ಕಾಲೇಜು ವಿಜೆಟಿಐ 1887ರಷ್ಟು ಹಳೆಯದು. ಕಾಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ, ಕನ್ನಡ ಎಂ.ಎ. ಓದಬೇಕೆನ್ನುವವರು ಕುರ್ಲಾದಲ್ಲಿ ಇಳಿದು ಬಸ್ಸಿನಲ್ಲಿ ಹೋಗಬಹುದು. ಈ ದಿಕ್ಕಿನ ಕಾಲೇಜುಗಳನ್ನು ಮಾತ್ರ ತರಗತಿಗೆ ಹೋಗಬೇಕಾದ ಹೊತ್ತಿನ ಗಾಡಿಯಲ್ಲೇ ಹೋಗಿ ನೋಡಬೇಕು. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಗಾಡಿಗಳ ಬಾಗಿಲಲ್ಲಿ ನಿಂತವರು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡರು. ಮಗು ಹತ್ತಬೇಕಾದ ಗಾಡಿಯನ್ನು ಹೆತ್ತವರು ಒಮ್ಮೆಯಾದರೂ ಹತ್ತಿ ನೋಡಬೇಕು.

ಗೇಟಿನಲ್ಲಿ ಕಾವಲುಗಾರರು ತಡೆಯುವುದು ಸಾಮಾನ್ಯ. ಹಿಂದಿನ ದಿನ ಕಚೇರಿಗೆ ಫೋನ್ ಮಾಡಿ, ಗುರುತಿನ ಚೀಟಿ ಹಿಡಿದು ಹೋದರೆ ತೊಂದರೆಯಿಲ್ಲ. ಒಳಗೆ ಮೊದಲು ನೋಡಬೇಕಾದದ್ದು ನೋಟಿಸ್ ಬೋರ್ಡು. ಒಂದು ಕಾಲೇಜಿನಲ್ಲಿ ನಾವು ಅದರ ಮುಂದೆ ಬಹಳ ಹೊತ್ತು ನಿಂತೆವು. ಪ್ರಯೋಗಗಳ ವೇಳಾಪಟ್ಟಿಯ ಪಕ್ಕದಲ್ಲಿ ಶೇ. 75ರಷ್ಟು ಹಾಜರಾತಿ ಇಲ್ಲದವರ ಡಿಫಾಲ್ಟರ್ ಪಟ್ಟಿ, ಅದರ ಕೆಳಗೆ ಕಂಪನಿಗಳ ಸಂದರ್ಶನದ ದಿನಾಂಕ. ಪಾಠ ನಡೆಯುತ್ತಿದೆಯೇ, ಹಾಜರಿ ಕೇಳುತ್ತಾರೆಯೇ, ಕೆಲಸ ಸಿಗುತ್ತಿದೆಯೇ ಎಂಬುದು ಆ ಮೂರು ಹಾಳೆಗಳಲ್ಲಿತ್ತು. ಆಮೇಲೆ ಗ್ರಂಥಾಲಯ, ಪ್ರಯೋಗಶಾಲೆ, ಹೆಣ್ಣುಮಕ್ಕಳ ಶೌಚಾಲಯ, ಕ್ಯಾಂಟೀನ್. ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಮಾತಾಡಿಸಬೇಕು. ಅವರಿಗೆ ಕಾಲೇಜು ಗೊತ್ತಾಗಿರುತ್ತದೆ, ಬಿಟ್ಟುಹೋಗುವ ಅವಸರ ಇರುವುದಿಲ್ಲ. ರೈಲ್ವೆ ಪಾಸಿನ ಕನ್ಸೆಷನ್ ಫಾರ್ಮ್ ಯಾವ ಕಿಟಕಿಯಲ್ಲಿ ಕೊಡುತ್ತಾರೆ ಎಂದು ಕೇಳಿಟ್ಟುಕೊಳ್ಳಬೇಕು. ಹುಡುಗಿಯರಿಗೆ ಪದವಿಯವರೆಗೆ ಎರಡನೇ ದರ್ಜೆಯ ಮಾಸಿಕ ಪಾಸ್ ಉಚಿತ ಎಂಬುದು ಎಷ್ಟೋ ಮನೆಗಳಿಗೆ ತಿಳಿದಿಲ್ಲ.

ಕ್ಯಾಪ್ ಅರ್ಜಿಯಲ್ಲಿ ಮೊದಲ ಆಯ್ಕೆಯಾಗಿ ಬರೆದ ಸೀಟೇ ಹಂಚಿಕೆಯಾದರೆ ಮುಂದಿನ ಸುತ್ತುಗಳಲ್ಲಿ ಬೇರೆ ಸೀಟಿಗೆ ಅವಕಾಶವಿಲ್ಲ. ಆದ್ದರಿಂದ ನೆಂಟರ ಮಾತು, ಜಾಹೀರಾತಿನ ಫಲಕ ನಂಬಿ ಪಟ್ಟಿ ತುಂಬಬೇಡಿ. ತರಗತಿ ನಡೆಯುವ ದಿನ, ತರಗತಿಯ ಹೊತ್ತಿಗೆ, ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡಿ, ಆಮೇಲೆ ಮೊದಲ ಹೆಸರು ಬರೆಯಿರಿ.