ಸಂತೇಲಿ ಕೂಗಿದ ಮೊಮ್ಮಗಳು

ಹೋದ್ ವಾರ ನಮ್ಮನೇಲಿ ಕೂರೋಕೂ ಪುರುಸೊತ್ತಿರಲಿಲ್ಲ ಕಣ್ರಮ್ಮ. ಎಲ್ಲಾ ಎರಡನೇ ಕ್ಲಾಸಿನ ನನ್ನ ಮೊಮ್ಮಗಳ ಇಸ್ಕೂಲಿಂದು. ಸೋಮವಾರ ಕೈತೋಟಕ್ಕೆ ಬದನೆ ಸಸಿ ಒಯ್ದಳು. ಮಂಗಳವಾರ ಖೊಖೊ ಆಡಿ ಲಂಗ ಹರ್ಕೊಂಡು ಬಂದಳು. ಬುಧವಾರ ಒನಕೆ ಓಬವ್ವನ ವೇಷಕ್ಕೆ ನನ್ನ ಸೀರೆ. ಗುರುವಾರ ಕಣ್ಣು, ಹಲ್ಲಿನ ತಪಾಸಣೆ. ಶುಕ್ರವಾರ ಮಕ್ಕಳ ಸಂತೆ.

ಇವಳಪ್ಪ, ನನ್ನ ಮಗ, ಹೋಗಿ ಒಂದ್ ವರ್ಷ ಆಯ್ತು. ಅವತ್ತಿಂದ ಮಗು ಬಾಯ್ಬಿಡೋದೇ ಕಮ್ಮಿ. ಓಬವ್ವ ಆಗಿಯೂ ಸುಮ್ಮನೆ ನಿಂತು ಇಳಿದು ಬಂದಿದ್ಲು. ಅವನೂ ಇದೇ ಇಸ್ಕೂಲಲ್ಲಿ ನಲಿ-ಕಲಿ ಕಾರ್ಡು ಹಿಡಿದು ಓದಿದವನು. ನಲಿ-ಕಲಿ 1995ರಲ್ಲಿ ಮೊದಲು ಶುರುವಾಗಿದ್ದೇ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಲ್ಲಿ, ಗೊತ್ತಾ? ಆಂಧ್ರದ ಋಷಿ ವ್ಯಾಲಿ ಶಾಲೆ ನೋಡ್ಕೊಂಡು ಬಂದ ನಮ್ಮ ಮೇಷ್ಟ್ರುಗಳೇ ಕಾರ್ಡು ಮಾಡಿದ್ದು. ಮಕ್ಕಳು ಅವರವರ ವೇಗದಲ್ಲಿ ಏಣಿ ಹತ್ತಲಿ, ಯಾರೂ ಅವಸರ ಮಾಡಬಾರದು ಅನ್ನೋದೇ ಅದರ ಗುಟ್ಟು. ನಾನೂ ಅದನ್ನೇ ನೆನೆಸ್ಕೊಂಡು ತಡ್ಕೊಂಡಿದ್ದೆ.

ಸಂತೇಲಿ ಹಿತ್ತಲ ನುಗ್ಗೆಸೊಪ್ಪು ಆರು ಕಂತೆ ಹರವಿ ಕೂರಿಸಿ, ದೂರ ನಿಂತೆ. ಜನ ಎಲ್ಲಾ ಪಕ್ಕದ ಹುಡುಗನ ಟೊಮೆಟೊಗೇ ಮುತ್ಕೊಂಡ್ರು. ಇವಳು ಸ್ವಲ್ಪ ಹೊತ್ತು ನೋಡಿದ್ಲು. ಆಮೇಲೆ ಎದ್ದು ನಿಂತು, "ಬನ್ನಿ ಬನ್ನಿ, ಐದ್ರುಪಾಯ್ಗೊಂದ್ ಕಂತೆ!" ಅಂತ ಕೂಗಿದ್ಲು. ಥೇಟ್ ಅವರಪ್ಪನ ಗಂಟಲು.

ಮೂವತ್ತು ರೂಪಾಯಿ ತಂದು ನನ್ನ ಕೈಗಿಟ್ಟು, "ಅಜ್ಜಿ, ನಾಳೆ ಬ್ಯಾಗಿಲ್ಲ, ಆಟ ಮಾತ್ರ" ಅಂದ್ಲು.

ನಿಮ್ಮೂರ ಇಸ್ಕೂಲಲ್ಲಿ ಸಂತೆ ಆದ್ರೆ ತಪ್ಪದೆ ಹೋಗಿ ಕಣ್ರಮ್ಮ. ಚೌಕಾಸಿ ಮಾತ್ರ ಮಾಡಬೇಡಿ.