ರೋಮ್ ತನಕ ಒಂದೇ ಟಿಕೆಟ್ಟು

ಬಾಸೆಲ್ ಊರಿನಲ್ಲಿ ಮೂರು ದೇಶಗಳ ರೈಲುಗಳು ಬಂದು ಸೇರುತ್ತವೆ. ಊರಿನ ದೊಡ್ಡ ನಿಲ್ದಾಣ ಸ್ವಿಸ್ ರೈಲ್ವೆಯದು. ಅದರ ಒಂದು ಮಗ್ಗುಲಲ್ಲಿ ಫ್ರಾನ್ಸಿನ ಗಾಡಿಗಳಿಗೆಂದೇ ಬಿಟ್ಟ ಪ್ಲಾಟ್‌ಫಾರಂಗಳಿವೆ. ರೈನ್ ನದಿ ದಾಟಿದರೆ ಬಾಡಿಷರ್ ಬಾನ್‌ಹಾಫ್. ನಿಲ್ದಾಣ ಜರ್ಮನ್ ರೈಲ್ವೆಯದು, ಅದು ನಿಂತ ನೆಲ ಸ್ವಿಟ್ಜರ್ಲೆಂಡಿನದು. ತೊಂಬತ್ತರ ದಶಕದ ಆರಂಭದಲ್ಲಿ ಔಷಧ ಕಂಪನಿಯ ಕೆಲಸ ಹಿಡಿದು ನಾನು ಇಲ್ಲಿಗೆ ಬಂದಾಗ ನಮ್ಮ ಕಡೆಯವರಿಗೆ ಬಾಸೆಲ್ ಎಂದರೆ ಮಂಗಳೂರು ಹೆಂಚು, ಕಿಟ್ಟೆಲ್ ನಿಘಂಟು, ಬಾಸೆಲ್ ಮಿಷನ್. ನಾನಿಲ್ಲಿ ಮನೆ ಮಾಡಿದ ಮೇಲೆ ಬಂಧುಬಳಗಕ್ಕೆ ಅದು ಯುರೋಪ್ ಪ್ರವಾಸದ ತಂಗುದಾಣವೂ ಆಯಿತು. ಏಪ್ರಿಲ್-ಮೇ ಬಂತೆಂದರೆ ಮೈಸೂರಿನಿಂದಲೋ ದಾವಣಗೆರೆಯಿಂದಲೋ ಯಾರಾದರೂ ಬರುತ್ತಿದ್ದರು. ಅವರನ್ನು ಪ್ಯಾರಿಸ್, ಇಂಟರ್‌ಲಾಕೆನ್, ವೆನಿಸ್, ರೋಮ್ ಸುತ್ತಿಸಿ ಕ್ಷೇಮವಾಗಿ ವಾಪಸು ಕರೆಸಿಕೊಳ್ಳುವ ಹೊಣೆ ನನ್ನದು.

ಆಗ ಈ ಕೆಲಸ ಶುರುವಾಗುತ್ತಿದ್ದುದು ಒಂದು ಪುಸ್ತಕದಿಂದ. ಥಾಮಸ್ ಕುಕ್ ಕಂಪನಿಯ ಯುರೋಪಿಯನ್ ಟೈಮ್‌ಟೇಬಲ್, ಕೆಂಪು ರಟ್ಟಿನದು, 1873ರಿಂದ ಬರುತ್ತಿದ್ದದ್ದು. ಮೊದಲಿಗೆ ನಕ್ಷೆ, ನಕ್ಷೆಯ ಪ್ರತಿ ಹಳಿಯ ಮೇಲೂ ಒಂದು ಸಂಖ್ಯೆ, ಆ ಸಂಖ್ಯೆಯ ಪಟ್ಟಿ ತೆರೆದರೆ ಆ ಮಾರ್ಗದ ಗಾಡಿಗಳೆಲ್ಲ ಕಂಬಸಾಲಿನಲ್ಲಿ. ಅಡ್ಡಡ್ಡ ಇಟ್ಟ ಎರಡು ಸುತ್ತಿಗೆಯ ಗುರುತಿದ್ದರೆ ಸೋಮವಾರದಿಂದ ಶನಿವಾರದವರೆಗೆ ಮಾತ್ರ ಓಡುವ ಗಾಡಿ. ಶಿಲುಬೆಯ ಗುರುತಿದ್ದರೆ ಭಾನುವಾರ, ಹಬ್ಬದ ದಿನಗಳಲ್ಲಿ ಮಾತ್ರ. ಅಡಿಟಿಪ್ಪಣಿ ಓದದವರು ಸ್ಟೇಷನ್ನಿನಲ್ಲಿ ಉಳಿದರೆಂದೇ ಲೆಕ್ಕ. ಆದರೂ ಆ ಪುಸ್ತಕದಲ್ಲಿ ಒಂದು ದೊಡ್ಡ ಗುಣವಿತ್ತು, ಅದನ್ನು ಆಮೇಲೆ ಬಂದ ಯಾವ ಪರದೆಯಲ್ಲೂ ನಾನು ಕಾಣಲಿಲ್ಲ. ನೀವು ಹುಡುಕಿದ ಗಾಡಿಯ ಜೊತೆಗೆ ಅದರ ಹಿಂದಿನದು, ಮುಂದಿನದು, ನಡುವೆ ಸಿಗುವ ಊರು, ಅಲ್ಲಿಂದ ಕವಲೊಡೆಯುವ ಹಾದಿ ಎಲ್ಲವೂ ಕಣ್ಣಿಗೆ ಬೀಳುತ್ತಿತ್ತು. ಇಂಟರ್‌ಲಾಕೆನ್‌ನಿಂದ ಮಿಲಾನಿಗೆ ಹಾದಿ ಹುಡುಕುತ್ತ ಕೂತವನಿಗೆ ಷ್ಪೀತ್ಸ್, ಬ್ರೀಗ್, ದೊಮೊದೊಸೊಲಾ ಎಂದು ಆಲ್ಪ್ಸ್ ಪರ್ವತದ ಭೂಗೋಳವೇ ಮನದಟ್ಟಾಗುತ್ತಿತ್ತು.

ಪುಸ್ತಕ ನೋಡಿ ಚೀಟಿ ಬರೆದುಕೊಂಡು ಸ್ಟೇಷನ್ನಿನ ಅಂತರರಾಷ್ಟ್ರೀಯ ಟಿಕೆಟ್ ಕೌಂಟರಿಗೆ ಹೋಗುತ್ತಿದ್ದೆ. ಅಲ್ಲಿದ್ದ ಗುಮಾಸ್ತರು ಗಿರಾಕಿಯ ಮುಖ ನೋಡಿ ಜರ್ಮನ್, ಫ್ರೆಂಚ್, ಇಟಾಲಿಯನ್, ಇಂಗ್ಲಿಷ್ ಯಾವುದರಲ್ಲಾದರೂ ಮಾತಿಗೆ ತೊಡಗುವವರು. ನನ್ನ ಚೀಟಿಯನ್ನು ಪೂರ್ತಿ ಓದಿ, ಬೇಕಾದ ಕಡೆ ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು. ವೆನಿಸ್‌ಗೆ ಹೋಗುವವರು ಮೆಸ್ತ್ರೆಯಲ್ಲಿ ಇಳಿದುಬಿಡಬಾರದು, ಸಾಂತಾ ಲೂಚಿಯಾ ತನಕ ಕೂತಿರಬೇಕು. ವಯಸ್ಸಾದವರಿಗೆ ಹತ್ತು ನಿಮಿಷದಲ್ಲಿ ಗಾಡಿ ಬದಲಾಯಿಸಲು ಹೇಳಬಾರದು. ಇಟಲಿಯಲ್ಲಿ ಹತ್ತುವ ಮೊದಲು ಪ್ಲಾಟ್‌ಫಾರಂ ಮೇಲಿನ ಹಳದಿ ಯಂತ್ರಕ್ಕೆ ಟಿಕೆಟ್ಟು ತೂರಿಸಿ ಮುದ್ರೆ ಒತ್ತಿಸಬೇಕು. ಇವೆಲ್ಲ ಅವರು ಹೇಳಿಕೊಟ್ಟ ಪಾಠ. ಅದಕ್ಕೆ ಬೇರೆ ಶುಲ್ಕವಿರಲಿಲ್ಲ.

ಕೊನೆಗೆ ಅವರು ಕೊಡುತ್ತಿದ್ದ ಟಿಕೆಟ್ಟೇ ಈ ಇಡೀ ನೆನಪಿನ ತಿರುಳು. ಎಷ್ಟು ಕಿಲೋಮೀಟರೋ ಅದಕ್ಕೆ ತಕ್ಕ ದರ. ಯಾವ ಗಡಿ ಠಾಣೆಯ ಮೂಲಕ ಹೋಗುತ್ತೀರೋ ಅದರ ಹೆಸರು ನಮೂದು. ಅವಧಿ ಎರಡು ತಿಂಗಳು. ಅಷ್ಟರೊಳಗೆ ಆ ಹಾದಿಯಲ್ಲಿ ಎಲ್ಲಿ ಬೇಕಾದರೂ ಇಳಿಯಬಹುದು, ತಂಗಬಹುದು, ಮತ್ತೆ ಹತ್ತಬಹುದು. ಸೀಟು ಕಾಯ್ದಿರಿಸಬೇಕಾದ ಗಾಡಿಗಳಿಗೆ ಬೇರೆಯಾಗಿ ಸಣ್ಣ ಮೊತ್ತ ಕೊಟ್ಟರಾಯಿತು. ನಮ್ಮ ಸೋದರತ್ತೆ ಅದನ್ನು ಹಿಂದುಮುಂದು ತಿರುಗಿಸಿ ನೋಡಿ, “ಈ ಒಂದೇ ಚೀಟೀಲಿ ರೋಮ್ ತನಕ ಹೋಗ್ಬೋದೇನೋ? ಮಧ್ಯ ಇಳಿದ್ರೆ ಯಾರೂ ಕೇಳಲ್ವಾ?” ಅಂದರು. ಯಾರೂ ಕೇಳಲಿಲ್ಲ. ಲುಗಾನೊ ಸರೋವರ ಕಂಡದ್ದೇ ಅವರೂ ಮಾವನೂ ಇಳಿದುಬಿಟ್ಟರು. ಎರಡು ರಾತ್ರಿ ಅಲ್ಲಿದ್ದು, ಅದೇ ಟಿಕೆಟ್ಟಿನಲ್ಲಿ ಮುಂದಕ್ಕೆ ಹೋದರು. ನಾನು ಹಾಕಿಕೊಟ್ಟ ಯೋಜನೆಯಲ್ಲಿ ಲುಗಾನೊ ಇರಲೇ ಇಲ್ಲ.

ಆ ಕಾಲವೇ ಚೆನ್ನಾಗಿತ್ತು ಎಂದು ಹೇಳುತ್ತಿಲ್ಲ. ನಮ್ಮವರಿಗೆ ಅಂದಿದ್ದ ತೊಡಕುಗಳನ್ನು ಮರೆತರೆ ಅನ್ಯಾಯವಾದೀತು. ಫ್ರಾನ್ಸ್, ಜರ್ಮನಿ, ಇಟಲಿ ಷೆಂಗೆನ್ ವೀಸಾ ಕೂಟಕ್ಕೆ ಸೇರಿದ್ದವು. ಸ್ವಿಟ್ಜರ್ಲೆಂಡ್ ಆ ಕೂಟಕ್ಕೆ ತನ್ನ ಗಡಿಗಳನ್ನು ತೆರೆದದ್ದು 2008ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಭಾರತದಿಂದ ಬಂದವರಿಗೆ ಸ್ವಿಸ್ ವೀಸಾ ಬೇರೆ ಬೇಕು. ಪ್ಯಾರಿಸ್ ನೋಡಿ, ಇಂಟರ್‌ಲಾಕೆನ್‌ಗೆ ಬಂದು, ಮತ್ತೆ ವೆನಿಸ್‌ಗೆ ಹೋಗುವುದಾದರೆ ಷೆಂಗೆನ್ ವೀಸಾದಲ್ಲಿ ಎರಡು ಸಲದ ಪ್ರವೇಶ ಇರಲೇಬೇಕು. ಒಂದೇ ಪ್ರವೇಶದ ವೀಸಾ ತಂದವರಿಗೆ ಇಡೀ ಸುತ್ತನ್ನು ಕಳಚಿ, ಸ್ವಿಟ್ಜರ್ಲೆಂಡ್ ಮೊದಲಿಗೋ ಕೊನೆಗೋ ಬರುವಂತೆ ಮತ್ತೆ ಹೆಣೆಯಬೇಕಾಗುತ್ತಿತ್ತು. ಗಡಿಯಲ್ಲಿ ಪೊಲೀಸರು ಬೋಗಿಗೆ ಹತ್ತುತ್ತಿದ್ದರು. ರಾತ್ರಿ ಗಾಡಿಯಲ್ಲಾದರೆ ಬೋಗಿಯ ಅಟೆಂಡೆಂಟ್ ಮಲಗುವ ಮುಂಚೆಯೇ ಎಲ್ಲರ ಪಾಸ್‌ಪೋರ್ಟ್ ಇಸಿದುಕೊಂಡು ಬೆಳಿಗ್ಗೆ ಹಿಂದಿರುಗಿಸುತ್ತಿದ್ದ. ಪಾಸ್‌ಪೋರ್ಟ್ ಕೈಬಿಟ್ಟು ಹೋಯಿತಲ್ಲ ಎಂದು ನಿದ್ದೆಗೆಟ್ಟ ಹಿರಿಯರನ್ನು ನಾನು ಬಲ್ಲೆ. ದುಡ್ಡೂ ಅಷ್ಟೆ. 2002ರಲ್ಲಿ ಯೂರೊ ನೋಟು ಬರುವ ತನಕ ಫ್ರಾಂಕ್, ಮಾರ್ಕ್, ಲೀರಾ ಬೇರೆಬೇರೆ ಲಕೋಟೆಗಳಲ್ಲಿ.

ಹೆಚ್ಚಿನವರು ಊರಿನಿಂದಲೇ ಯೂರೈಲ್ ಪಾಸ್ ಕೊಂಡು ಬರುತ್ತಿದ್ದರು. 1959ರಲ್ಲಿ, ಯುರೋಪಿನ ಹೊರಗಿನವರಿಗೆಂದೇ ಶುರುವಾದ ಪಾಸ್ ಅದು. ಬಳಸುವ ಮೊದಲು ಕೌಂಟರಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಬರೆಸಿ ಮುದ್ರೆ ಹಾಕಿಸಬೇಕು. ಆಮೇಲೆ ಪ್ರಯಾಣದ ದಿನ ಗಾಡಿ ಹತ್ತುವ ಮೊದಲೇ ನಾವೇ ಪೆನ್ನಿನಲ್ಲಿ ತಾರೀಕು ತುಂಬಬೇಕು. ಒಮ್ಮೆ ಬರೆದದ್ದನ್ನು ತಿದ್ದುವ ಹಾಗಿಲ್ಲ. ರಾತ್ರಿ ಗಾಡಿಗೆ ಇನ್ನೊಂದು ನಿಯಮವಿತ್ತು. ಸಂಜೆ ಏಳರ ನಂತರ ಹತ್ತಿದರೆ ಮರುದಿನದ ತಾರೀಕನ್ನಷ್ಟೇ ಹಾಕಿದರೆ ಸಾಕು, ಒಂದು ದಿನ ಉಳಿಯುತ್ತಿತ್ತು. ಈ ಒಂದು ಸಾಲಿನ ಮೇಲೆ ಎಷ್ಟೋ ಕುಟುಂಬಗಳ ಪ್ರವಾಸ ಕಟ್ಟಿಕೊಟ್ಟಿದ್ದೇನೆ: ಹಗಲೆಲ್ಲ ಊರು ನೋಡುವುದು, ರಾತ್ರಿ ಚಪಾತಿ, ಚಟ್ನಿಪುಡಿ ತಿಂದು ಗಾಡಿಯಲ್ಲಿ ಮಲಗುವುದು, ಬೆಳಗಾದರೆ ಮತ್ತೊಂದು ದೇಶ. ಹೋಟೆಲ್ ಬಾಡಿಗೆಯೂ ಉಳಿಯಿತು.

ಬದಲಾವಣೆಯ ಬೀಜ ಮಾತ್ರ ನಾನು ಬರುವ ಮೊದಲೇ ಬಿದ್ದಿತ್ತು. 1981ರಲ್ಲಿ ಪ್ಯಾರಿಸ್-ಲಿಯೋನ್ ನಡುವೆ ಟಿಜಿವಿ ಎಂಬ ವೇಗದ ಗಾಡಿ ಓಡತೊಡಗಿದಾಗಲೇ ಸೀಟು ಕಾಯ್ದಿರಿಸದೆ ಹತ್ತುವಂತಿಲ್ಲ ಎಂಬ ಕಟ್ಟಳೆ ಬಂತು. 1993ರಲ್ಲಿ ಫ್ರೆಂಚ್ ರೈಲ್ವೆ ಸೊಕ್ರಾತ್ ಎಂಬ ಕಂಪ್ಯೂಟರ್ ಬುಕಿಂಗ್ ವ್ಯವಸ್ಥೆ ತಂದಿತು. ಅದರ ಮೂಲ ಅಮೆರಿಕದ ವಿಮಾನ ಕಂಪನಿಯೊಂದರ ಸೇಬರ್ ವ್ಯವಸ್ಥೆ. ಟಿಕೆಟ್ಟಿನ ಜೊತೆ ವಿಮಾನದ ವ್ಯಾಪಾರ ನೀತಿಯೂ ರೈಲಿಗೆ ಬಂತು; ದರ ಇನ್ನು ದೂರಕ್ಕೆ ಅಂಟಿಕೊಂಡಿರಲಿಲ್ಲ, ಬೇಡಿಕೆಗೆ ಅಂಟಿಕೊಂಡಿತು. ಮೊದಲು ಇದು ಫ್ರಾನ್ಸಿನ ವಿಚಿತ್ರ ಎನಿಸಿತ್ತು. ಹತ್ತಿಪ್ಪತ್ತು ವರ್ಷಗಳಲ್ಲಿ ಅಕ್ಕಪಕ್ಕದ ದೇಶಗಳ ವೇಗದ ಗಾಡಿಗಳೆಲ್ಲ ಹೆಚ್ಚುಕಡಿಮೆ ಅದೇ ದಾರಿ ಹಿಡಿದವು.

ವೇಗವೂ ಬಂತು, ಅದರ ಖುಷಿಯನ್ನು ಮುಚ್ಚಿಡಲಾರೆ. ನಾನು ಬಂದ ಹೊಸದರಲ್ಲಿ ಬಾಸೆಲ್‌ನಿಂದ ಪ್ಯಾರಿಸ್‌ಗೆ ಐದು ಗಂಟೆಯ ಹಾದಿ. 2007ರಲ್ಲಿ ಸ್ಟ್ರಾಸ್‌ಬೂರ್ಗ್ ಮೇಲೆ ಟಿಜಿವಿ ಬಂದು ಅದು ಮೂರೂವರೆ ಗಂಟೆಯಾಯಿತು. 2011ರ ಡಿಸೆಂಬರಿನಲ್ಲಿ ರೈನ್-ರೋನ್ ಹೊಸ ಮಾರ್ಗ ತೆರೆದ ಮೇಲೆ ಸುಮಾರು ಮೂರು. ಆದರೆ ಅದರ ಜೊತೆಗೇ ನಮ್ಮ ಗಾಡಿ ಪ್ಯಾರಿಸ್‌ನಲ್ಲಿ ನಿಲ್ಲುವ ಸ್ಟೇಷನ್ನೂ ಬದಲಾಯಿತು. ಮೊದಲು ಗಾರ್ ದ ಲೆಸ್ತ್‌ನಲ್ಲಿ ಇಳಿದು, ಲಂಡನ್ನಿನ ಯೂರೋಸ್ಟಾರ್ ಹಿಡಿಯಲು ಗಾರ್ ದು ನೋರ್‌ಗೆ ಸೂಟ್‌ಕೇಸ್ ಉರುಳಿಸಿಕೊಂಡು ನಡೆದೇ ಹೋಗಬಹುದಿತ್ತು. ಈಗ ಗಾರ್ ದ ಲಿಯೋನ್‌ನಲ್ಲಿ ಇಳಿದು, ನೆಲದಡಿಯ ಆರ್‌ಇಆರ್ ಗಾಡಿ ಹಿಡಿದು ಹೋಗಬೇಕು. ನಕ್ಷೆಯಲ್ಲಿ ಸಣ್ಣ ಸಂಗತಿ. ಮಂಡಿನೋವಿನ ಚಿಕ್ಕಮ್ಮನನ್ನು, ಎರಡು ದೊಡ್ಡ ಪೆಟ್ಟಿಗೆಗಳನ್ನು ಕಳಿಸಿಕೊಡುವವನಿಗೆ ಸಣ್ಣದಲ್ಲ.

ಇಂಟರ್ನೆಟ್ ಬಂದ ಮೇಲೆ ಮಾಹಿತಿಯ ಕಷ್ಟ ಮುಗಿಯಿತು. ಜರ್ಮನ್ ರೈಲ್ವೆಯ ಹುಡುಕಾಟದ ಪುಟದಲ್ಲಿ ಯುರೋಪಿನ ಬಹುಪಾಲು ಗಾಡಿಗಳ ವೇಳೆ ಸಿಕ್ಕಿತು. ಮೈಸೂರಿನಲ್ಲಿ ಕೂತ ನನ್ನ ಭಾವ ಫೋನಿನಲ್ಲಿ ನನಗೇ ಗಾಡಿಯ ಸಂಖ್ಯೆ ಹೇಳತೊಡಗಿದರು. ಥಾಮಸ್ ಕುಕ್ ಆ ಕೆಂಪು ಪುಸ್ತಕವನ್ನು 2013ರ ಆಗಸ್ಟಿಗೆ ನಿಲ್ಲಿಸಿತು. ಅದನ್ನು ತಯಾರಿಸುತ್ತಿದ್ದವರಲ್ಲೇ ಕೆಲವರು ಮರುವರ್ಷ ಸ್ವಂತ ಪ್ರಯತ್ನದಿಂದ ಮತ್ತೆ ತಂದರು ಎಂದು ತಿಳಿದಾಗ ಆದ ಸಂತೋಷ ದೊಡ್ಡದು.

ಆದರೆ ವೇಳೆ ತಿಳಿಯುವುದು ಸುಲಭವಾದ ಹಾಗೆ ಟಿಕೆಟ್ಟು ಕೊಳ್ಳುವುದು ಕಷ್ಟವಾಗುತ್ತ ಬಂತು. ಗಾಡಿ ಪರದೆಯ ಮೇಲೆ ಕಾಣುತ್ತದೆ, ಕೊಳ್ಳಲು ಹೋದರೆ ಈ ತುಂಡಿಗೆ ಇಲ್ಲಿ, ಆ ತುಂಡಿಗೆ ಅಲ್ಲಿ. ಒಂದು ರೈಲ್ವೆ ಮೂರು ತಿಂಗಳ ಮುಂಚೆ ಮಾರಾಟ ತೆರೆದರೆ ಇನ್ನೊಂದು ಆರು ತಿಂಗಳ ಮುಂಚೆ. ಡಿಸೆಂಬರ್ ಮಧ್ಯದಲ್ಲಿ ಇಡೀ ಯುರೋಪಿನ ವೇಳಾಪಟ್ಟಿ ಬದಲಾಗುವುದರಿಂದ ಅದರ ಆಚೀಚೆ ಎಲ್ಲವೂ ತಡ. ಬೇಗ ಕೊಂಡವರಿಗೆ ಮೂವತ್ತು ಯೂರೊಗೆ ಸಿಕ್ಕ ಸೀಟಿನ ಪಕ್ಕದಲ್ಲಿ ನೂರು ಕೊಟ್ಟವರು ಕೂತಿರಬಹುದು. ಆ ಅಗ್ಗದ ಟಿಕೆಟ್ಟು ಆ ಒಂದು ಗಾಡಿಗೆ ಮಾತ್ರ; ಲುಗಾನೊ ಸರೋವರ ಎಷ್ಟೇ ಕರೆದರೂ ಇಳಿಯುವಂತಿಲ್ಲ. 2012ರಿಂದ ಇಟಲಿಯಲ್ಲಿ ಸರ್ಕಾರಿ ರೈಲಿನ ಎದುರು ಇತಾಲೊ ಎಂಬ ಖಾಸಗಿ ಕಂಪನಿಯ ವೇಗದ ಗಾಡಿಗಳೂ ಓಡುತ್ತಿವೆ. ಪೈಪೋಟಿಯಿಂದ ರೋಮ್-ಮಿಲಾನ್ ಅಗ್ಗವಾಯಿತು, ನಿಜ. ಆದರೆ ಒಂದರ ಟಿಕೆಟ್ಟು ಇನ್ನೊಂದಕ್ಕೆ ನಡೆಯುವುದಿಲ್ಲ ಎಂದು ಬಂದವರಿಗೆಲ್ಲ ಒತ್ತಿ ಹೇಳಬೇಕಾಯಿತು.

ನಿಜವಾದ ಪೆಟ್ಟು ಬೀಳುವುದು ಗಾಡಿ ತಡವಾದಾಗ. ಯುರೋಪಿನ ಕಾನೂನಿನ ಪ್ರಕಾರ ಒಂದು ಗಂಟೆ ತಡವಾದರೆ ಟಿಕೆಟ್ ಹಣದ ಕಾಲು ಭಾಗ, ಎರಡು ಗಂಟೆಯಾದರೆ ಅರ್ಧ ಭಾಗ ಪರಿಹಾರ ಕೇಳಬಹುದು. ಒಳ್ಳೆಯ ಕಾನೂನು. ಆದರೆ ಪ್ರಯಾಣ ಮೂರು ಬೇರೆಬೇರೆ ಟಿಕೆಟ್ಟುಗಳಾಗಿ ಒಡೆದಿದ್ದರೆ ಈ ರಕ್ಷಣೆಯೂ ಮೂರಾಗಿ ಒಡೆಯುತ್ತದೆ. ಮೊದಲ ಗಾಡಿ ನಲವತ್ತು ನಿಮಿಷ ತಡವಾಗಿ ಎರಡನೆಯದು ತಪ್ಪಿದರೆ, ಮೊದಲಿನವರ ಲೆಕ್ಕದಲ್ಲಿ ಅದು ನಲವತ್ತು ನಿಮಿಷದ ಮಾತು. ಎರಡನೆಯವರ ಲೆಕ್ಕದಲ್ಲಿ ಪ್ರಯಾಣಿಕರೇ ಬಂದಿಲ್ಲ. ಹಾಗೆ ಸಿಕ್ಕಿಬಿದ್ದ ಪರಿಚಿತ ಕುಟುಂಬವೊಂದು ಮಿಲಾನ್ ಸೆಂತ್ರಾಲೆಯಿಂದ ಫೋನ್ ಮಾಡಿದಾಗ, ಮಕ್ಕಳು ಹಿಂದೆ ಅಳುತ್ತಿದ್ದುದು ಕೇಳಿಸುತ್ತಿತ್ತು. ಅವರು ಹೊಸ ಟಿಕೆಟ್ಟಿಗೆ ಮತ್ತೆ ಪೂರ್ತಿ ಹಣ ಕೊಟ್ಟರು. ಎಲ್ಲ ನಿಯಮವನ್ನೂ ಪಾಲಿಸಿದವರು ಅವರು. ಖಂಡವನ್ನೇ ಒಂದು ಮಾಡಿದೆವೆನ್ನುವವರು ರೈಲಿನ ಟಿಕೆಟ್ಟನ್ನು ಮಾತ್ರ ಹೀಗೆ ಹರಿದುಹಾಕಿದ್ದು ನನಗೆ ಇವತ್ತಿಗೂ ಒಪ್ಪಿತವಲ್ಲ.

ರಾತ್ರಿ ಗಾಡಿಗಳ ಕಥೆ ಸ್ವಲ್ಪ ಬೇರೆ. ಜರ್ಮನ್ ರೈಲ್ವೆ 2016ರ ಡಿಸೆಂಬರಿನಲ್ಲಿ ತನ್ನ ಮಲಗುವ ಗಾಡಿಗಳನ್ನು ಕೈಬಿಟ್ಟಾಗ ಮುಗಿಯಿತೆಂದುಕೊಂಡೆ. ಆಸ್ಟ್ರಿಯಾದವರು ಅವುಗಳಲ್ಲಿ ಕೆಲವನ್ನು ನೈಟ್‌ಜೆಟ್ ಹೆಸರಿನಲ್ಲಿ ನಡೆಸಿಕೊಂಡು ಬಂದರು. 2021ರ ಡಿಸೆಂಬರಿನಿಂದ ಬಾಸೆಲ್ ಮೇಲೆ ಆಮ್‌ಸ್ಟರ್‌ಡಾಮ್‌ಗೂ ಮತ್ತೆ ಒಂದು ಗಾಡಿ ಬಂತು. ಈಗ ಅದಕ್ಕೆ ಎಷ್ಟು ಬೇಡಿಕೆಯೆಂದರೆ ಬೇಸಿಗೆಯ ಸೀಟುಗಳು ಬಹಳ ಮುಂಚೆಯೇ ಮುಗಿದಿರುತ್ತವೆ.

ಇದೆಲ್ಲದರ ನಡುವೆ ಸ್ವಿಟ್ಜರ್ಲೆಂಡಿನ ಒಳಗೆ ಮಾತ್ರ ಹಳೆಯ ಸ್ವಾತಂತ್ರ್ಯ ಉಳಿದಿದೆ, ಇನ್ನೂ ಚೆನ್ನಾಗಿಯೂ ಆಗಿದೆ. 1982ರಿಂದ ಇಲ್ಲಿ ಗಾಡಿಗಳು ಗಂಟೆಗಂಟೆಗೂ ಅದೇ ನಿಮಿಷಕ್ಕೆ ಹೊರಡುವ ಪದ್ಧತಿ. 2004ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಬರ್ನ್‌ನಂಥ ಜಂಕ್ಷನ್ನುಗಳಲ್ಲಿ ನಾಲ್ಕೂ ದಿಕ್ಕಿನ ಗಾಡಿಗಳು ಗಂಟೆ ಹೊಡೆಯುವ ಮುಂಚೆ ಬಂದು ಸೇರುತ್ತವೆ, ಹೊಡೆದ ಮೇಲೆ ಚದುರುತ್ತವೆ. ನಡುವಿನ ಕೆಲವು ನಿಮಿಷಗಳಲ್ಲಿ ಜನ ಒಂದರಿಂದ ಇನ್ನೊಂದಕ್ಕೆ ದಾಟಿಕೊಳ್ಳುತ್ತಾರೆ. ಸೀಟು ಕಾಯ್ದಿರಿಸುವ ಅಗತ್ಯವೇ ಇಲ್ಲ, ಗ್ಲೇಸಿಯರ್ ಎಕ್ಸ್‌ಪ್ರೆಸ್‌ನಂಥ ಪ್ರವಾಸಿ ಗಾಡಿಗಳಿಗೆ ಬಿಟ್ಟು. ಟ್ರಾವೆಲ್ ಪಾಸ್ ಒಂದಿದ್ದರೆ ರೈಲು, ಬಸ್ಸು, ಸರೋವರದ ದೋಣಿ ಎಲ್ಲಕ್ಕೂ ಅದೇ ಸಾಕು. 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್ ನಿಲ್ದಾಣಕ್ಕೆ ಮಾತ್ರ ಪಾಸಿನಲ್ಲಿ ಪೂರ್ತಿ ಪ್ರಯಾಣ ಸೇರಿಲ್ಲ, ಮೇಲಿನ ಹಾದಿಗೆ ರಿಯಾಯಿತಿ ಅಷ್ಟೆ. ಇದನ್ನು ತಿಳಿಯದೆ ಬಂದವರು ಟಿಕೆಟ್ ದರ ಕೇಳಿ ಹೌಹಾರುತ್ತಾರೆ.

ಹೀಗಾಗಿ ನನ್ನ ಕೆಲಸದ ಕ್ರಮ ಈಗ ತಿರುಗುಮುರುಗಾಗಿದೆ. ಬರುವ ಮೇ ತಿಂಗಳಿಗೆ ಅಕ್ಕನ ಮಗಳು, ಅವಳ ಅತ್ತೆ-ಮಾವ ಬರುವವರಿದ್ದಾರೆ. ಗಡಿ ದಾಟುವ, ಗಡಿಯಾಚೆ ಓಡುವ ಗಾಡಿಗಳ ಟಿಕೆಟ್ಟನ್ನು ಮಾರಾಟ ತೆರೆದ ದಿನವೇ ಕೊಂಡು ಫೋನಿಗೆ ಕಳಿಸಬೇಕು: ಪ್ಯಾರಿಸ್-ಬಾಸೆಲ್ ಒಂದು, ಇಂಟರ್‌ಲಾಕೆನ್ ಕಡೆಯಿಂದ ಮಿಲಾನ್ ಇನ್ನೊಂದು, ಮಿಲಾನ್-ವೆನಿಸ್ ಮತ್ತೊಂದು. ಸ್ವಿಟ್ಜರ್ಲೆಂಡಿನ ನಾಲ್ಕು ದಿನಕ್ಕೆ ಏನನ್ನೂ ಬುಕ್ ಮಾಡುವುದಿಲ್ಲ; ಬೆಳಿಗ್ಗೆ ಎದ್ದು ಮೋಡ ನೋಡಿ ತೀರ್ಮಾನಿಸಲಿ. “ಮಿಲಾನಲ್ಲಿ ನೋಡೋಕೆ ಏನೂ ಪ್ಲಾನ್ ಇಲ್ಲ ಮಾಮ, ಅಲ್ಲಿ ಯಾಕೆ ಒಂದು ರಾತ್ರಿ?” ಎಂದು ಹುಡುಗಿ ಕೇಳಿದಳು. ಎರಡು ಟಿಕೆಟ್ಟುಗಳ ನಡುವೆ ಒಂದು ರಾತ್ರಿ ಇದ್ದರೆ, ಮೊದಲ ಗಾಡಿ ಎಷ್ಟೇ ತಡವಾದರೂ ಎರಡನೆಯದು ಕೈತಪ್ಪುವುದಿಲ್ಲ ಎಂದೆ. ಹೋಟೆಲನ್ನು ಸ್ಟೇಷನ್ನಿನ ಎದುರಿಗೇ ಹುಡುಕಿದ್ದೇನೆ.